ಹಿಂಡಿಗೊಂದು ಹೆಸರು

ಒರೆಸಿದಷ್ಟೂ ಹೋಗಲೊಲ್ಲದು ಈ ಮೂಲೆಯ ಮಸಿ, ಸೆರಗಿನ ತುದಿ ಕರ್ರಗಾಯಿತೇ ಹೊರತು ಕವರು ಬೆಳ್ಳಗಾಗಲಿಲ್ಲ, ಕಿಟಕಿಯ ಬಿಸಿಲಿಗೆ ಹಿಡಿದರೆ ಇನ್ನಷ್ಟು ಎದ್ದು ಕಾಣುತ್ತದೆ, ಗೆರೆ ಗೆರೆ ಗೆರೆ, ನಡುವೆ ಓರೆಯಾಗಿ ಒಂದು ಸೀಳು, ಯಾರ ಹೆಬ್ಬೆಟ್ಟೆಂದು ಕೇಳಬೇಕಾಗಿಲ್ಲ — ಆದೆಮ್ಮ ಕವರಿನ ಮೇಲೆ ಹಾ ಎಂದು ಉಸಿರು ಬಿಟ್ಟು ಮತ್ತೆ ತಿಕ್ಕಿದಳು, ಬಸ್ಸು ಮಸ್ಕಿ ಬಿಟ್ಟು ಎರೆಹೊಲಗಳ ನಡುವಿನ ದಾರಿ ಹಿಡಿದಿತ್ತು, ಕಾಲಸಂದಿಯ ಚೀಲದಲ್ಲಿ ಅರವತ್ತು ಕವರು ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಇಪ್ಪತ್ತನ್ನು ಒರೆಸಿಯಾಯಿತು, ಇನ್ನೂ ನಲವತ್ತು, ಸಿಂಧನೂರು ಬರುವುದರೊಳಗೆ ಇವನ್ನೂ ಒರೆಸಬೇಕು, ಒಂದು ಹೆಸರನ್ನೂ ಹುಡುಕಬೇಕು, ಎರಡು ಕೈಗೆ ಎರಡು ಕೆಲಸವೆಂದರೆ ಸರಿ, ತಲೆ ಇರುವುದು ಒಂದೇ. ಶುಕ್ರವಾರ ನಮಾಜಿಗೆ ಹೋಗೂದರಾಗ ಹೆಸರು ಹೇಳಿದರ ಸೋಮವಾರ ಕವರಿಗೆ ಹಚ್ಚೂ ಚೀಟಿ ಅಚ್ಚು ಹಾಕಿ ಕೊಡ್ತೀನಿ ಅಕ್ಕಾ, ಇಲ್ಲಾಂದ್ರ ಮದುವಿ ಪತ್ರಿಕಿ ಕೆಲಸ ಬಂದಾವ, ಮುಂದಿನ ತಿಂಗಳ ನೋಡು ಅಂದಿದ್ದಾನೆ ಸಿಂಧನೂರಿನ ಪ್ರೆಸ್ಸಿನ ಚಾಂದ್‌ಪಾಷಾ, ಇವತ್ತೇ ಶುಕ್ರವಾರ, ಮುಂದಿನ ತಿಂಗಳಿಗೆ ಹಿಂಡಿ ಇಟ್ಟುಕೊಳ್ಳುವ ಅಂಗಡಿಯವನು ಎಲ್ಲಿ ಕಾಯುತ್ತಾನೆ, ಸೋಮವಾರದಿಂದ ಹೆಸರಿಲ್ಲದ ಕವರು ಒಳಗೆ ಇಡಂಗಿಲ್ಲವ್ವ ಎಂದು ಮುಖ ತಿರುಗಿಸಿಯೇ ಹೇಳಿದ್ದ. ಅವನದೂ ತಪ್ಪಿಲ್ಲ, ಯಾರೋ ಎಲ್ಲಿಂದಲೋ ತಂದುಕೊಟ್ಟ ಹಿಂಡಿ ಕಮಟು ಹೊಡೆದು ಗಿರಾಕಿಗಳು ಅವನ ಮುಖದ ಮೇಲೆ ಎಸೆದು ಹೋಗಿದ್ದರು, ಆ ಸುದ್ದಿ ಕೇಳಿದ ದಿನದಿಂದಲೇ ಅಲ್ಲವೇ ತಾನು ಈ ಒರೆಸುವ ಕೆಲಸ ಹಿಡಿದದ್ದು, ತಿನ್ನುವ ಪದಾರ್ಥ, ಮಸಿ ಇದ್ದರೆ ಹೊಲಸು ಕೈಯವರು ಅಂದಾರು ಅಂತ. ಆದರೂ ಎರಡು ವಾರದಿಂದ ಮಾಲು ಅರ್ಧಕ್ಕರ್ಧ ತಿರುಗಿ ಬರುತ್ತಿದೆ. ಹೆಸರಿಲ್ಲದ್ದಕ್ಕೇ ಇರಬೇಕು, ಮತ್ತೇನು, ಹಿಂಡಿ ಅದೇ, ಒರಳು ಅದೇ, ಬಳ್ಳೊಳ್ಳಿಯೂ ಅದೇ.

ಹೆಸರಂದರೆ ಎಂಥಾ ಹೆಸರು. ಸಣ್ಣದಿರಬೇಕು, ಎಲ್ಲರ ಬಾಯಲ್ಲೂ ಹೊರಳಬೇಕು, ಕಾಲುವೆ ನೀರಿಗೆ ಬಂದು ನೆಲೆಸಿದ ಕ್ಯಾಂಪಿನ ತೆಲುಗು ಹೆಂಗಸರೂ ಅನ್ನಬೇಕು, ಪೇಟೆಯ ಸಾಬರ ಮನೆಯವರೂ ಅನ್ನಬೇಕು, ಓದು ಬಾರದವರಿಗೆ ಕಣ್ಣಿಗೆ ಬೀಳುವಂಥ ಒಂದು ಗುರುತು ಇರಬೇಕು, ಮುಖ್ಯ ಅದನ್ನು ಇನ್ನೊಬ್ಬರು ಇಟ್ಟುಕೊಂಡಿರಬಾರದು — ಅಲ್ಲೇ ಇರುವುದು ತೊಡಕು. ಗಿಳಿ ಅಂದರೆ ಅಕ್ಕಿಚೀಲದ ಮೇಲೆ ಕೂತಿದೆ, ಜೋಡೆತ್ತು ಇನ್ನೊಂದು ಚೀಲದ ಮೇಲೆ, ಆನೆ, ನವಿಲು, ತೆಂಗಿನಮರ, ಕಳಸ, ಸಿಂಧನೂರಿನ ಮಿಲ್ಲಿನವರು ನೆಲದ ಮೇಲೆ ನಡೆಯುವುದನ್ನೂ ಬಿಟ್ಟಿಲ್ಲ, ಆಕಾಶದಲ್ಲಿ ಹಾರುವುದನ್ನೂ ಬಿಟ್ಟಿಲ್ಲ, ಬಡವರಿಗೆ ಒಂದು ಗುಬ್ಬಿಯನ್ನಾದರೂ ಉಳಿಸಬಾರದೇ. ಲಕ್ಷ್ಮಿ, ಅನ್ನಪೂರ್ಣಿ — ಬೇಡವೇ ಬೇಡ, ಉಂಡು ಕವರು ಬೀದಿಗೆ ಬಿಸಾಕುತ್ತಾರೆ, ತಾಯಿಯನ್ನು ಕಾಲಲ್ಲಿ ತುಳಿಸಿದ ಪಾಪ ಯಾರ ತಲೆಗೆ. ಪಕ್ಕದ ಮನೆಯ ಹಾಜಿರಾಬೀ, ದಿನಾ ಶೇಂಗಾ ಹುರಿದುಕೊಡುವವಳು, ಗುಲಾಬ್ ಅಂತ ಇಡು ಎಂದಳು, ಕೇಳಾಕ ಎಷ್ಟ್ ಚಂದ ಐತಿ ನೋಡು ಎಂದಳು, ಚಂದವೇನೋ ಚಂದ, ಗುಲಾಬಿ ಅಂತ ಮೂಸಿದವರಿಗೆ ಬಳ್ಳೊಳ್ಳಿ ಹೊಡೆದರೆ ಏನಂದಾರು, ಇಬ್ಬರೂ ಒಲೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೇ ಆಯಿತು, ಶೇಂಗಾ ಸೀದುಹೋಯಿತು. ಅಶೋಕ ಅಂತ ಇಡಬಹುದು, ಊರ ಹೆಸರೂ ಬಂದ ಹಾಗಾಗುತ್ತದೆ, ಆದರೆ ಮಸ್ಕಿಯಲ್ಲಿ ಅಶೋಕನಲ್ಲದ ಅಂಗಡಿ ಯಾವುದಿದೆ, ಚಹಾದಂಗಡಿಯೂ ಅವನದೇ, ಸೈಕಲ್ ಶಾಪೂ ಅವನದೇ, ಸತ್ತು ಎರಡು ಸಾವಿರ ವರ್ಷವಾದರೂ ಪುಣ್ಯಾತ್ಮನಿಗೆ ಕೆಲಸ ತಪ್ಪಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಶೋಕನ ಶಾಸನದ ಬಂಡೆ ತೋರಿಸಿ ಹೇಳಿದ್ದು ನೆನಪಿದೆ, ಬ್ಯಾರೆ ಬಂಡಿಗಳ ಮ್ಯಾಲ ಬರೇ ದೇವರಿಗೆ ಪ್ರಿಯನಾದವನು ಅಂತ ಬಿರುದು ಕೆತ್ಯಾರ, ನಮ್ಮ ಬಂಡಿ ಮ್ಯಾಲ ಖುದ್ದು ಹೆಸರ ಐತಿ ಎಂದು. ಆಗ ತಲೆಗೆ ಹೊಳೆದಿರಲಿಲ್ಲ, ಈಗ ಹೊಳೆಯುತ್ತದೆ, ಆ ಬೇರೆ ಬಂಡೆಗಳನ್ನೆಲ್ಲ ಅವನ ಹೆಂಡತಿಯೇ ಕೆತ್ತಿಸಿರಬೇಕು, ಪಾಪ, ಹೆಸರು ಹೇಳದೆ.

ಆದೆಮ್ಮ ಒಬ್ಬಳೇ ನಕ್ಕಳು, ಪಕ್ಕದ ಮುದುಕಿ ತಿರುಗಿ ನೋಡಿದಳು. ನಗುವ ಮಾತಲ್ಲ ಅದು, ನಗುವ ಮಾತಾಗಿದ್ದರೆ ಸೆರಗಿನ ಗಂಟಿನಲ್ಲಿ ಆ ಚೀಟಿ ಇಷ್ಟು ಭಾರವಾಗುತ್ತಿರಲಿಲ್ಲ, ಬೆಳಿಗ್ಗೆ ಹೊರಡುವಾಗ ಅವರು ಕೊಟ್ಟ ಚೀಟಿ, ಅವರೆಂದರೆ ಅವರೇ, ಇಪ್ಪತ್ತೆರಡು ವರ್ಷವಾದರೂ ಆದೆಮ್ಮನ ಮನಸ್ಸಿನೊಳಗೂ ಗಂಡನಿಗೆ ಹೆಸರಿಲ್ಲ, ಅವರು, ನಮ್ಮ ಮನಿಯವರು, ಅಷ್ಟೇ. ಚೀಟಿಯಲ್ಲಿ ಮೂರೇ ಅಕ್ಷರ, ಗಾಳಿಗೆ ಬಾಗಿದ ದಂಟಿನ ಹಾಗೆ ಓರೆ, ಅವರದೇ ಹೆಸರು, ಅವರದೇ ಕೈಬರಹ, ಅವರಿಗೆ ಬರೆಯಲು ಬರುವುದೇ ಆ ಮೂರು ಅಕ್ಷರ. ಇದನ್ನ ಕೊಡು ಪಾಷಾಗ, ಮಾರ್ಕ ಇದ ಇರಲಿ ಎಂದು ಹೇಳುವಾಗ ಮುಖ ಆ ಕಡೆ ಮಾಡಿದ್ದರು, ಗಡ್ಡ ಕೆರೆದುಕೊಂಡಿದ್ದರು, ಮದುವೆಗೆ ಹೆಣ್ಣು ನೋಡಲು ಬಂದಾಗಲೂ ಹೀಗೇ ಕೆರೆದುಕೊಂಡಿದ್ದರು. ಹೂಂ ಎಂದುಬಿಟ್ಟಳಲ್ಲ ತಾನು, ಹೂಂ ಅನ್ನುವಾಗ ತನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ, ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು — ಅಂಗಡಿ ಅಂಗಡಿಗೆ ಹೋಗಿ ಮಾರುವವಳು ತಾನು, ಯಾವ ಹಿಂಡಿ ತಂದೀಯವ್ವ ಎಂದರೆ ಏನನ್ನಲಿ. ಆ ಹೆಸರು ಬಾಯಲ್ಲಿ ಬಂದದ್ದು ಒಂದೇ ಸಲ, ಮದುವೆಯ ಮರುದಿನ, ಹೊಸ್ತಿಲಲ್ಲಿ ನಿಲ್ಲಿಸಿ ನಾದಿನಿಯರು ಒಡಪು ಹಾಕಿ ಹೇಳು, ಅಂದ್ರ ಒಳಗ ಬಿಡ್ತೀವಿ ಎಂದು ಅಡ್ಡಗಟ್ಟಿದಾಗ, ಎರಿ ಹೊಲದಾಗ ಬಿಳಿ ಜ್ವಾಳ, ತೆನಿ ಮ್ಯಾಗ ಗಿಳಿ ಮ್ಯಾಳ, ನನ್ನ ಬಾಯಾಗ ಹೆಸರು ಬರೂದು ಇದೊಂದ ವ್ಯಾಳ್ಯಾ — ಅಂತ ಹೇಳಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ. ಈಗ ಅಂಗಡಿಗೊಂದು ಒಡಪು ಹಾಕಲೇನು, ಪಾವು ಕಿಲೋಕ್ಕೆ ಸಣ್ಣ ಒಡಪು, ಅರ್ಧ ಕಿಲೋಕ್ಕೆ ದೊಡ್ಡದು. ಊರ ಹೆಂಗಸರು ಆ ಹೆಸರನ್ನು ಕೂಗಿ ಕೇಳುತ್ತಾರೆ, ತನಗಿಲ್ಲದ ಸಲಿಗೆ ಆ ಹೆಂಗಸರಿಗೆ, ಹಲ್ಲಲ್ಲಿ ಕಚ್ಚಿ ಹರಿಯುತ್ತಾರೆ ಕವರನ್ನು, ಅವರ ಹೆಸರನ್ನು, ಮೋರಿಗೆ ಎಸೆಯುತ್ತಾರೆ. ಆಗಲ್ಲ. ಆದರೆ ಕೊಡದೆ ಹೋದರೆ? ಬಸ್ಸು ಕಾಲುವೆ ದಾಟಿತು, ಹಸಿರು ಗದ್ದೆ ಬಂತು, ಕೆಸರಿನ ವಾಸನೆ ಬಂತು, ಮತ್ತೊಂದು ಕವರು ತೆಗೆದಳು, ಮತ್ತೆ ಆ ಕರೀ ಗೆರೆಗಳು, ಆ ಸೀಳು.

ಮಿಲ್ಲಿನಲ್ಲಿ ಹಮಾಲಿ ಇದ್ದಾಗ ಎಲ್ಲರೂ ಪಗಾರದ ದಿನ ಹೆಬ್ಬೆಟ್ಟು ಒತ್ತುತ್ತಿದ್ದರಂತೆ, ಅವರೂ ಒತ್ತುತ್ತಿದ್ದರು, ಒಂದು ದಿನ ಗುಮಾಸ್ತ ಬೆರಳನ್ನು ತಾನೇ ಹಿಡಿದು, ಕರುವಿನ ಮೂತಿ ಹಾಲಿಗೆ ಅದ್ದಿದ ಹಾಗೆ ಮಸಿಗೆ ಅದ್ದಿ, ಒತ್ತಲೇ ಇಲ್ಲಿ ಅಂದನಂತೆ, ಅಂದು ಮನೆಗೆ ಬಂದು ಉಣ್ಣಲಿಲ್ಲ. ಇನ್ಮ್ಯಾಲ ನಾ ಹೆಬ್ಬಟ್ಟು ಒತ್ತಂಗಿಲ್ಲ, ನೀ ನಾಕನೇತ್ತೆ ಓದೀದಿ, ನನಗ ಬರಿಯಾಕ ಕಲಸು ಎಂದರು, ಹಲಗೆಯ ಮೇಲೆ ತಾನೇ ಕೈ ಹಿಡಿದು ತಿದ್ದಿಸಿದ್ದು, ಬಾಯಿಂದ ಹೇಳಲಾಗದ ಹೆಸರನ್ನು ಕೈಯಿಂದ ಬರೆದು ತೋರಿಸಿದ್ದು, ಎರಡು ತಿಂಗಳು ಹಿಡಿಯಿತು ಮೂರು ಅಕ್ಷರಕ್ಕೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಅವರೊಬ್ಬರದೇ ಸಹಿ. ಬೆನ್ನ ಮೇಲೆ ಚೀಲ ಬಿದ್ದು ಮನೆ ಹಿಡಿದ ಮೇಲೆ ಸಹಿ ಕೇಳುವವರೂ ಇಲ್ಲ, ಹೆಸರು ಹಿಡಿದು ಕೂಗುವವರೂ ಇಲ್ಲ, ಮನೆಯಲ್ಲಿ ಕೂಗುವವಳು ತಾನೊಬ್ಬಳು, ತಾನೋ ರೀ ಅನ್ನುವವಳು. ಹೀಗೆ ಕೂತು ಏನ ಮಾಡ್ಲಿ ಎಂದು ತಾವೇ ಕವರು ಅಂಟಿಸುವ ಕೆಲಸ ತೆಗೆದುಕೊಂಡರು, ಕವರಿನ ಬಾಯಿ ಮುರಿದ ಗರಗಸದ ಪಟ್ಟಿಗೆ ಮಡಚಿ, ಮೇಣದಬತ್ತಿಯ ಉರಿಗೆ ಅಂಚು ತೋರಿಸಿ, ಕರಗಿದ್ದೇ ತಡ ಮೂಲೆಯನ್ನು ಹೆಬ್ಬೆಟ್ಟಿನಿಂದ ಒತ್ತಿಬಿಡುವುದು, ಬಿಸಿಗೆ ಚರ್ಮ ಸೀಳಿತು, ಮಸಿ ಒಳಗೆ ಇಳಿಯಿತು, ಕಟ್ಟಿಗೆ ತುಂಡಿಂದ ಒತ್ತ್ರಿ ಅಂದರೆ ಕೇಳುವವರಲ್ಲ, ಬೆಟ್ಟಿನಷ್ಟು ಗಟ್ಟಿ ಕಟ್ಟಿಗೆ ಹಿಡಿಯಂಗಿಲ್ಲ ಅನ್ನುತ್ತಾರೆ. ಸುಟ್ಟುಕೊಂಡದ್ದನ್ನು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಅದನ್ನೇ ತಾನು ಬಸ್ಸಿನಲ್ಲಿ ಕೂತು ಒರೆಸುತ್ತಿರುವುದು, ಅಯ್ಯ ಶಿವನೇ, ಅದನ್ನೇ.

ಪ್ರೆಸ್ಸಿನೊಳಗೆ ಮಸಿಯ ವಾಸನೆ, ಸೀಮೆಎಣ್ಣೆಯ ವಾಸನೆ, ಗೋಡೆಯ ಕ್ಯಾಲೆಂಡರಿನಲ್ಲಿ ತೊಂಬತ್ಮೂರು ಮುಗಿಯಲು ಬಂದಿದೆ, ಚಾಂದ್‌ಪಾಷಾ ಆಗಲೇ ಟೋಪಿ ಹಾಕಿಕೊಂಡು ನಿಂತಿದ್ದಾನೆ, ಖಾನೆ ಎಳೆದು ಅಚ್ಚಿನ ಚಿತ್ರ ತೋರಿಸುತ್ತಿದ್ದಾನೆ, ಕಮಲ ಐತಿ, ಚಂದ್ರ ಐತಿ, ಗುಲಾಬಿ ಐತಿ ಅಕ್ಕಾ, ಲಗೂ ಹೇಳು. ಆದೆಮ್ಮ ಗಂಟು ಬಿಚ್ಚಿದಳು, ಚೀಟಿ ಬೆವರಿಗೆ ಮೆತ್ತಗಾಗಿತ್ತು, ಕೊಟ್ಟರೆ ಮುಗಿಯಿತು, ಬಾಯಿಬಿಡುವುದೂ ಬೇಡ ಇಲ್ಲಿ, ಅಂಗಡಿಯ ಮಾತು ಆಮೇಲೆ ನೋಡಿಕೊಂಡರಾಯಿತು, ಕೈ ಮುಂದೆ ಹೋಯಿತು, ಅಷ್ಟರಲ್ಲಿ ಅವನು ಅಳತೆ ನೋಡಲೆಂದು ಚೀಲಕ್ಕೆ ಕೈ ಹಾಕಿ ಒಂದು ಕವರು ತೆಗೆದ, ಒರೆಸದೆ ಉಳಿದವುಗಳಲ್ಲೊಂದು, ತಿರುಗಿಸಿದ, ನಿಂತುಬಿಟ್ಟ. ಅಲ್ಲಕ್ಕಾ, ಈ ಕರಿಬಟ್ಟಿನ ಹಿಂಡಿ ನಿಂದೇನು, ನಮ್ಮ ಮನ್ಯಾಕಿ ಮಾಸುಂಬಿ ಎರಡ ವಾರದಿಂದ ಹುಡುಕಾಕತ್ಯಾಳ, ಮೂಲ್ಯಾಗ ಕರಿ ಹೆಬ್ಬಟ್ಟು ಇರೂದು ಬಂದಿಲ್ಲ, ಈಗಿಂದು ಯಾರದೋ ಏನೋ ಅಂತ ಅಂಗಡಿಗೆ ಹೋಗಿ ಬರಿಗೈಲೆ ಬರ್ತಾಳ, ಓಣಿ ಹೆಂಗಸರೆಲ್ಲ ಹಂಗ ಅಂತಾರ. ಎರಡು ವಾರ. ಸೆರಗಿನ ತುದಿ ನೋಡಿದಳು, ಕರ್ರಗೆ, ಎರಡು ವಾರದ್ದೂ ಅಲ್ಲೇ ಇದೆ. ಹೆಸರು ಹೊರಗೆ ಹುಡುಕುತ್ತ ಬಂದ ದಾರಿಯುದ್ದಕ್ಕೂ ಹೆಸರನ್ನೇ ಒರೆಸಿಕೊಂಡು ಬಂದಳಲ್ಲ. ಹೆಸರು ಹೇಳಕ್ಕಾ, ಅಜಾನ್ ಆತು. ಅವನ ಕೈಯಿಂದ ಕವರು ತೆಗೆದುಕೊಂಡಳು, ಒಂದು ಕೈಯಲ್ಲಿ ಅವರು ಬರೆದದ್ದು, ಇನ್ನೊಂದು ಕೈಯಲ್ಲಿ ಅವರು ಒತ್ತಿದ್ದು, ಹೆಬ್ಬಟ್ಟು ಒತ್ತಂಗಿಲ್ಲ ಅಂದವರನ್ನು ಮತ್ತೆ ಹೆಬ್ಬೆಟ್ಟು ಮಾಡಿ ಊರ ಅಂಗಡಿಗಳಲ್ಲಿ ತೂಗುಹಾಕಲೇನು, ಆ ಸಿಟ್ಟಿಗೆ ಉಣ್ಣದೆ ಮಲಗಿದರೆ, ಮತ್ತೆ ಮೇಣದಬತ್ತಿ ಹಚ್ಚದೆ ಹೋದರೆ? ಕರಿಬಟ್ಟು ಅಂತ ಹಾಕ್ರಿ, ಎಂದಳು. ಬಟ್ಟಿನ ಚಿತ್ರಕ್ಕೆ ರಾಯಚೂರಿಂದ ಅಚ್ಚು ಬರಬೇಕು, ಎಂಟು ದಿನ ಹಿಡಿತೈತಿ ಎಂದ ಅವನು. ಚಿತ್ರ ಬ್ಯಾಡ್ರಿ, ಅದು ಮನಿಯಿಂದ ಬರ್ತೈತಿ ಎಂದಳು, ಚೀಟಿಯನ್ನು ಮಡಚಿ ಮತ್ತೆ ಗಂಟು ಹಾಕಿಕೊಂಡಳು, ಗಟ್ಟಿಯಾಗಿ. ಸೋಮವಾರ ಚೀಟಿಗಳ ಕಟ್ಟು ಬಿಚ್ಚುತ್ತಾರೆ ಅವರು, ತಮಗೆ ಗೊತ್ತಿರುವ ಮೂರೇ ಅಕ್ಷರಗಳನ್ನು ಬೆರಳಿಟ್ಟು ಹುಡುಕುತ್ತಾರೆ, ಇರುವುದಿಲ್ಲ, ಏನ ಬರ್ಸೀದಿ ಎನ್ನುತ್ತಾರೆ, ಓದಿ ಹೇಳಬೇಕು, ಹೇಳುತ್ತಾಳೆ, ಅವರು ಕೈ ಮಗುಚಿ ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಾರೆ, ಗೆರೆ ಗೆರೆ ಗೆರೆ, ನಡುವೆ ಓರೆಯಾಗಿ ಒಂದು ಸೀಳು.