ಕಸದ ಮಾತು

"ಪ್ಲಾಸೆಂಟಾ ಲೋ ಐತಿ ನೋಡ್ರಿ," ಎಂದರು ಡಾಕ್ಟರಮ್ಮ, ಸ್ಕ್ಯಾನಿಂಗ್ ಪರದೆಯಿಂದ ಕಣ್ಣು ತೆಗೆಯದೆ. "ಕೂಸು ಛಲೋ ಐತಿ. ರೆಸ್ಟ್ ಮಾಡ್ರಿ. ಎಂಟು ವಾರ ಬಿಟ್ಟು ಮತ್ತ ಬರ್ರಿ." ಮಾದೇವಿ ಹೊಟ್ಟೆಯ ಮೇಲಿನ ತಣ್ಣನೆಯ ಅಂಟು ಒರೆಸಿಕೊಳ್ಳುತ್ತ, ಲೋ ಅಂದರೇನು, ಎಷ್ಟು ಲೋ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮುಂದಿನ ನಂಬರು ಕೂಗಿಯಾಗಿತ್ತು. ಬೆಳಿಗ್ಗೆ ಏಳಕ್ಕೆ ಹುನ್ನೂರು ಬಿಟ್ಟು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ಜಮಖಂಡಿ ದವಾಖಾನೆಯ ಆ ಕಬ್ಬಿಣದ ಬೆಂಚಿನ ಮೇಲೆ ನಾಲ್ಕು ತಾಸು ಕೂತಿದ್ದಕ್ಕೆ ಸಿಕ್ಕಿದ್ದು ಇಷ್ಟು ಮಾತು.

ಹೊರಗೆ ಅವಳ ಗಂಡ ಭೀಮಶಿ ರಿಪೋರ್ಟಿನ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ತಲೆಕೆಳಗಾಗಿ ಹಿಡಿದಿದ್ದ. ಇವನಿಂದ ಏನೂ ತಿಳಿಯುವಂತಿಲ್ಲ ಎಂದು ಮಾದೇವಿ ನೇರವಾಗಿ ನಂಬರು ಕೂಗುತ್ತಿದ್ದ ಆಯಾ ಕರೆವ್ವನ ಹತ್ತಿರ ಹೋದಳು.

"ಯವ್ವಾ, ಪ್ಲಾಸೆಂಟಾ ಅಂದ್ರ ಏನ್ರಿ?"

"ಕಸ, ತಂಗಿ. ಕೂಸಿನ ಹಿಂದ ಬೀಳತೈತಲ್ಲ, ಆ ಕಸ. ಮ್ಯಾಲ ಇರಬೇಕಾದದ್ದು ನಿಂದು ಕೆಳಗ ಕುಂತೈತಿ, ಬಾಗಲ ಹತ್ರ." ಕರೆವ್ವ ದನಿ ತಗ್ಗಿಸಿದಳು. "ಹೆದರಬ್ಯಾಡ. ಹೊಟ್ಟಿ ಬೆಳದಂಗ ಭಾಳ ಮಂದೀದು ಮ್ಯಾಲ ಸರೀತೈತಿ. ಆದ್ರ ಭಾರ ಎತ್ತಬ್ಯಾಡ, ಬಗ್ಗಿ ಕೆಲಸಾ ಮಾಡಬ್ಯಾಡ. ಕೆಂಪ ಒಂದ ಹನಿ ಕಂಡ್ರೂ ಗಾಡಿ ಮಾಡ್ಕೊಂಡು ಬಂದಬಿಡು." ಆಮೇಲೆ ಭೀಮಶಿಯ ಕಡೆ ತಿರುಗಿ, "ತಮ್ಮಾ, ನೀನೂ ಅಲ್ಲೀತನಕ ಜರಾ ದೂರ ಮಲಗಪಾ," ಎಂದಳು.

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರನ್ನು ಒಂದೇ ಕೈಯಲ್ಲಿ ತಿರುಗಿಸುವ ಭೀಮಶಿ ಕಿವಿಯವರೆಗೆ ಕೆಂಪಾಗಿ, ಬೈಕಿನ ಕೀಲಿ ಹುಡುಕುವ ನೆಪದಲ್ಲಿ ಹೊರಗೆ ಓಡಿದ.

ಹುನ್ನೂರಿಗೆ ವಾಪಸು ಬರುವಾಗ ಅವನು ಪ್ರತಿ ಗುಂಡಿಗೂ ಬೈಕನ್ನು ಎತ್ತಿನ ಗಾಡಿಯ ವೇಗಕ್ಕೆ ಇಳಿಸಿದ. ಮಾದೇವಿಗೆ ತವರಿನ ಹಟ್ಟಿಯ ಕುರಿಯೊಂದು ಕಣ್ಣ ಮುಂದೆ ಬರುತ್ತಿತ್ತು. ಕೂಸಿನ ಹಿಂದೆ ಬೀಳುವ ಮಾಸಿಗೆ ಈ ಕಡೆ ಕಸ ಎನ್ನುತ್ತಾರೆ. ಕುರಿಯದ್ದೂ ಕಸವೇ, ಎಮ್ಮೆಯದ್ದೂ ಕಸವೇ, ಹೆಂಗಸಿನದ್ದೂ ಕಸವೇ. ಆ ಕುರಿಗೆ ಕಸ ಮೊದಲು ಬಂದಿತ್ತು, ಮರಿ ಆಮೇಲೆ. ಮರಿ ಉಸಿರಾಡಲಿಲ್ಲ. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದದ್ದು ಅವಳಿಗೆ ಇವತ್ತೇ ಯಾಕೆ ನೆನಪಾಗಬೇಕಿತ್ತೋ.

"ಅತ್ತಿಯವ್ರಿಗೆ ನಾ ಹೇಳ್ಲೋ, ನೀವು ಹೇಳ್ತೀರೋ?" ಎಂದಳು ಊರ ಹತ್ತಿರ ಬಂದಾಗ.

"ನಾ ಹೇಳ್ತೀನಿ ಬಿಡ."

ಹೇಳಿದ, ಪಾಪ. ಹೇಳಿದ್ದು ಹೀಗೆ. ಅವನ ತಾಯಿ ಸುಂದರವ್ವ ಹಿತ್ತಲಿನ ದೊಡ್ಡಿಯಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಭೀಮಶಿ ಬೇಲಿಯ ಗೂಟವೊಂದನ್ನು ಅಲ್ಲಾಡಿಸುತ್ತ, "ಕೂಸು ಛಲೋ ಐತಂತ ಯವ್ವಾ," ಎಂದ. ಸುಂದರವ್ವ ಮನೆದೇವರು ಬೀರಪ್ಪನಿಗೆ ಕೈಮುಗಿದಳು. ಅವನು ಹೋಗಲಿಲ್ಲ. "ಅದು, ಕಸದ್ದೇನೋ ಅಂದ್ರು. ಆಕಿ ಬಗ್ಗಬಾರದಂತ."

"ಕಸಾ ಹೊಡಿಬ್ಯಾಡ ಅಂದಾರೇನು?"

ಇಲ್ಲಿ ಅವನು ಒಂದೇ ಒಂದು ಮಾತು ಹೆಚ್ಚು ಆಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಮಾತು ಹೆಂಡತಿಯ ಹೊಟ್ಟೆಯ ಕೆಳಗಿನದು, ಎದುರಿಗಿದ್ದವಳು ಹಡೆದ ತಾಯಿ, ಕಿವಿಯಲ್ಲಿ ಇನ್ನೂ ಕರೆವ್ವನ ಉಪದೇಶ. "ಹೂಂ, ಹಂಗ," ಎಂದವನೇ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಬೇಕೆಂದು ಹೊರಟುಬಿಟ್ಟ.

ಸುಂದರವ್ವ ಒಳಗೆ ಬಂದು, ಬಾಗಿಲ ಹಿಂದಿದ್ದ ಕಸಬರಿಗೆಯನ್ನು ಎತ್ತಿ ತೊಲೆಯ ಸಂದಿಯಲ್ಲಿ ಸಿಕ್ಕಿಸಿದಳು. "ನಾಳಿಂದ ಕಸಾ ನಾನ ಹೊಡೀತೀನಿ ಬೇ. ದವಾಖಾನಿ ಹುಕುಂ ಆಗೇತಿ," ಎಂದಳು. ಮಾದೇವಿಗೆ ಎದೆಯ ಭಾರ ಅರ್ಧ ಇಳಿಯಿತು. ಅತ್ತೆಗೆ ಎಲ್ಲ ತಿಳಿಯಿತು ಎಂದುಕೊಂಡಳು.

ಮರುದಿನ ಸುಂದರವ್ವ ಅಂಗಳ ಗುಡಿಸಿದಳು, ಪಡಸಾಲೆ ಗುಡಿಸಿದಳು, ದೊಡ್ಡಿಯನ್ನೂ ಗುಡಿಸಿದಳು. ಎದುರು ಮನೆಯ ಸಾತವ್ವನಿಗೆ ಕೇಳುವಂತೆ, "ನಾ ಭೀಮಶೀನ ಹಡಿಯೋ ದಿನಾನೂ ಅಂಗಳಾ ಹೊಡದಾಕಿ. ಈಗಿನವ್ರಿಗೆ ಅದಕ್ಕೂ ಮಶಿನ್ನ ಕೇಳಬೇಕು," ಎಂದು ಹೇಳಿಕೊಂಡಳು. ಉಳಿದದ್ದೆಲ್ಲ ಮೊದಲಿನಂತೆಯೇ ನಡೆಯಿತು. ರೊಟ್ಟಿ ಬಡಿಯುವುದು ಮಾದೇವಿ, ಕಂಬಳಿ ನೆನೆಸಿ ಒಗೆಯುವುದು ಮಾದೇವಿ, ನಳ ಬಂದ ದಿನ ಓಣಿಯ ತುದಿಯಿಂದ ಹನ್ನೆರಡು ಕೊಡ ನೀರು ಹೊರುವುದೂ ಮಾದೇವಿಯೇ. ನಳ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಬಂದಾಗ ತುಂಬಿಕೊಳ್ಳದಿದ್ದರೆ ಮನುಷ್ಯರಿಗೂ ಇಲ್ಲ, ಕುರಿಗೂ ಇಲ್ಲ.

ಮೊದಲ ಸಲ ಅವಳು ಕೊಡ ಎತ್ತುವಾಗ ಅತ್ತೆಯ ಮುಖ ನೋಡಿದಳು. ಅತ್ತೆ, "ಲಗೂನ ಹೋಗು, ಪಾಳಿ ಉದ್ದಾಕ್ಕೈತಿ," ಎಂದಳು. ಮಾದೇವಿಗೆ ನಂಬಲಿಕ್ಕಾಗಲಿಲ್ಲ. ಗೊತ್ತಿದ್ದೂ ಹೀಗೆ ಮಾಡುತ್ತಾಳಲ್ಲ, ಎಂಥ ಕಲ್ಲು ಮನಸ್ಸು ಎಂದು ಸಿಟ್ಟು ಬಂತು. ಬಾಯಿಬಿಟ್ಟು ಕೇಳಲು ಅಭಿಮಾನ ಅಡ್ಡ ಬಂತು. ಗೊತ್ತಿದ್ದವಳಿಗೆ ಮತ್ತೆ ಹೇಳುವುದು ಭಿಕ್ಷೆ ಬೇಡಿದಂತೆ ಎಂದು ತೋರಿತು.

ಸಂಜೆ ಉಣ್ಣಲು ಕೂತ ಗಂಡನನ್ನು ಕೇಳಿದಳು. "ಅತ್ತಿಯವ್ರಿಗೆ ಹೇಳೀರೇನ್ರಿ?"

"ಹೇಳೀನಲ್ಲ."

"ಎಲ್ಲಾ ಹೇಳೀರೇನು?"

"ಎಲ್ಲಾ ಹೇಳೀನಿ. ಎಷ್ಟ್ ಸಲ ಕೇಳ್ತಿ?" ಎಂದು ರೊಟ್ಟಿಗೆ ಮುಖ ಹಾಕಿದ. ಮರುದಿನ ಕಬ್ಬು ಹೇರಿಕೊಂಡು ಹೋದವನು ಸಕ್ಕರೆ ಫ್ಯಾಕ್ಟರಿಯ ಮುಂದೆ ಟ್ರ್ಯಾಕ್ಟರುಗಳ ಪಾಳಿಯಲ್ಲಿ ಸಿಕ್ಕಿಕೊಂಡು ಮೂರು ದಿನ ಮನೆಗೆ ಬರಲಿಲ್ಲ. ಅವನಿಗೆ ಮನೆಗಿಂತ ಆ ಪಾಳಿಯೇ ಸುಖವಾಗಿತ್ತೋ ಏನೋ.

ಮಾದೇವಿ ಮೆಟ್ಟಿಲು ಇಳಿಯುವಾಗ ತೊಡೆಗಳನ್ನು ಒಂದಕ್ಕೊಂದು ಒತ್ತಿಕೊಂಡು ಇಳಿಯತೊಡಗಿದಳು. ಕೆಮ್ಮು ಬಂದರೆ ತಡೆದಳು. ಬಚ್ಚಲಿಗೆ ಹೋದಾಗಲೆಲ್ಲ ಒಳಲಂಗವನ್ನು ಬೆಳಕಿಗೆ ಹಿಡಿದು ನೋಡಿದಳು. ಮ್ಯಾಲ ಸರೀತೈತಿ ಅಂದಿದ್ದಳು ಕರೆವ್ವ. ಹೇಗೆ ಸರಿಯುತ್ತದೆ? ಹನ್ನೆರಡು ಕೊಡ ಹೊತ್ತರೆ ಯಾವುದಾದರೂ ಮೇಲೆ ಸರಿಯುವುದುಂಟೆ? ರಿಪೋರ್ಟಿನಲ್ಲಿ ಅವಳಿಗೆ ಓದಲು ಬರುತ್ತಿದ್ದುದು ತನ್ನ ಹೆಸರು ಮತ್ತು ಲೋ ಎಂಬ ಪದ ಮಾತ್ರ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಎಲ್ಲರ ಮೇಲೂ ಆಗುತ್ತಿದ್ದಳು: ಕಣ್ಣೆತ್ತದ ಡಾಕ್ಟರಮ್ಮನ ಮೇಲೆ, ಪಾಳಿಯಲ್ಲಿ ಮಲಗಿದ ಗಂಡನ ಮೇಲೆ, ದಿನಾ ಅಂಗಳದಲ್ಲಿ ಧೂಳೆಬ್ಬಿಸುವ ಅತ್ತೆಯ ಮೇಲೆ, ಇರಬೇಕಾದ ಜಾಗ ಬಿಟ್ಟು ಕೆಳಗೆ ಬಂದು ಕೂತ ಆ ಕಸದ ಮೇಲೆ.

ನಾಲ್ಕನೆಯ ದಿನ ನಳ ಬಂತು. ಆರು ಕೊಡ ಆದವು. ಏಳನೆಯದನ್ನು ಸೊಂಟಕ್ಕೇರಿಸಿ ಅಂಗಳಕ್ಕೆ ಕಾಲಿಟ್ಟಾಗ ಮಾದೇವಿಗೆ ತೊಡೆಯ ಗುಂಟ ಒದ್ದೆ ಇಳಿದದ್ದು ತಿಳಿಯಿತು. ಅಲ್ಲೇ ನಿಂತಳು. ಕೊಡವನ್ನು ಹೇಗೋ ಕೆಳಗಿಟ್ಟು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ನೋಡಿದಳು. ನೀರು. ಕೊಡದಿಂದ ತುಳುಕಿದ ನೀರು, ಬೇರೇನಲ್ಲ.

ಹೊರಗೆ ಬಂದಾಗ ಸುಂದರವ್ವ ಗುಡಿಸಿ ಮುಗಿಸಿ, ಸೊಂಟಕ್ಕೆ ಕೈಕೊಟ್ಟು ತನ್ನ ಅಂಗಳವನ್ನು ನೋಡುತ್ತ ನಿಂತಿದ್ದಳು. ಮಾದೇವಿ ಕಾಲಿನಿಂದ ಕೊಡವನ್ನು ಒದ್ದಳು. ನೀರು ಅಂಗಳದ ತುಂಬ ಹರಿಯಿತು.

"ಹುಚ್ಚ ಹಿಡೀತೇನ ಬೇ ನಿನಗ?"

"ಹೂಂ, ಹಿಡದೈತ್ರಿ! ಕಸ ಕೆಳಗೈತಿ ಅಂತ ಗೊತ್ತಿದ್ದೂ ನನ್ನ ಕೈಲೆ ನೀರ ಹೊರಸಾಕತ್ತೀರಲ್ಲ, ನಿಮಗ ಕರಳು ಐತೇನ್ರಿ?"

"ಕಸ ಕೆಳಗಿರದ ಮ್ಯಾಲಿರತೈತೇನ? ಅದಕ್ಕ ದಿನಾ ನಾನ ಹೊಡೀತೀನಲ್ಲ! ಮತ್ತೇನ ಮಾಡಬೇಕು?"

ಎದುರು ಮನೆಯ ಸಾತವ್ವ ಬಾಗಿಲಿಗೆ ಬಂದು ನಿಂತಳು. ಮಾದೇವಿ ಅತ್ತೆಯ ಕೈಯಲ್ಲಿದ್ದ ಕಸಬರಿಗೆಯನ್ನೂ ಗುಡಿಸಿಟ್ಟ ಗುಪ್ಪೆಯನ್ನೂ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಗೊತ್ತಾಯಿತು. ನಗು ಬರಬೇಕಿತ್ತು, ಅಳು ಬಂತು.

"ಅಂಗಳದ ಕಸ ಅಲ್ರಿ ಅತ್ತಿ. ಹೊಟ್ಟ್ಯಾಗಿಂದು. ಕೂಸಿನ ಕಸ."

ಸುಂದರವ್ವನ ಕೈಯಲ್ಲಿದ್ದ ಕಸಬರಿಗೆ ಕೆಸರಿಗೆ ಬಿತ್ತು. ಒದ್ದೆ ನೆಲ ತುಳಿದುಕೊಂಡು ಬಂದು ಸೊಸೆಯ ರಟ್ಟೆ ಹಿಡಿದಳು.

"ಬಾಗಲಕ ಬಂದೈತೇನು?"

"ಹತ್ರ ಐತಂತ್ರಿ."

"ಕೆಂಪ ಏನರ..."

"ಇಲ್ರಿ. ಕೊಡದ ನೀರಷ್ಟ."

"ನಮ್ಮಕ್ಕ ಹಂಗ ಹ್ವಾದಳು," ಎಂದಳು ಸುಂದರವ್ವ. ಅಷ್ಟೇ ಹೇಳಿದಳು. ಆಮೇಲೆ ಸೊಸೆಯನ್ನು ಗೋಡೆಗುಂಟ ನಡೆಸಿಕೊಂಡು ಹೋಗಿ ಪಡಸಾಲೆಯ ಹೊರಸು ಮಂಚದ ಮೇಲೆ ಮಲಗಿಸಿದಳು. ಹಿತ್ತಲಿನಿಂದ ನಾಲ್ಕು ಇಟ್ಟಂಗಿ ತಂದು ಅವಳ ಪಾದದ ಕಡೆಯ ಎರಡು ಮಂಚಗಾಲಿನ ಕೆಳಗೆ ಎರಡೆರಡು ಕೊಟ್ಟಳು. ಉಸಿರು ಬಿಡುತ್ತ, ಬೈಯುತ್ತ ಕೊಟ್ಟಳು. "ಆ ಮಬ್ಬ ನನ್ನ ಮಗ! ಹಟ್ಟಿ ತುಂಬ ಕುರಿ ಕಸ ಕೈಲೆ ಎಳೀತಾನ, ಹೇಂತಿದು ಬಾಯಾಗ ಬರಂಗಿಲ್ಲ ಅವಂಗ!"

ಉಳಿದ ಆರು ಕೊಡ ಅವಳೇ ತಂದಳು. ಸಾತವ್ವ ಕೇಳಿದ್ದಕ್ಕೆ ಓಣಿಗೆಲ್ಲ ಕೇಳುವಂತೆ, ಯಾವ ಕಸ, ಎಲ್ಲಿದೆ, ಎಷ್ಟು ಕೆಳಗಿದೆ ಎಲ್ಲ ಹೇಳಿದಳು. ಒಳಗೆ ಮಲಗಿದ ಮಾದೇವಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಭೀಮಶಿ ಸಂಜೆ ಬಂದ. ಟ್ರ್ಯಾಕ್ಟರು ನಿಲ್ಲಿಸಿ ಅಂಗಳಕ್ಕೆ ಬಂದವನಿಗೆ ಮೊದಲು ಕಂಡದ್ದು ಒಣಗಿ ಗಟ್ಟಿಯಾದ ಕೆಸರು, ಆಮೇಲೆ ಕಸಬರಿಗೆ ಹಿಡಿದ ತಾಯಿ.

"ಏನಾತು ಯವ್ವಾ?"

"ಏನೂ ಆಗಿಲ್ಲ. ನಿನ್ನ ಪುಣ್ಯೇಕ ಏನೂ ಆಗಿಲ್ಲ." ಸುಂದರವ್ವ ಕಸಬರಿಗೆಯನ್ನು ಅವನ ಕೈಗೆ ತುರುಕಿದಳು. "ಹೊಡಿ."

"ನಾನಾ?"

"ಕಸದ್ದೇನೋ ಡಾಕ್ಟ್ರು ಅಂದಾರಂದಿ. ಹೊಡಿ ಲೇ."

ಅವನು ಸಾತವ್ವನ ಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಈಗ ನಾಲ್ಕು ಹೆಂಗಸರಿದ್ದರು. ಬಗ್ಗಿ ಗುಡಿಸತೊಡಗಿದ. ಅಂಗಳ ಮುಗಿಸಿದ, ಪಡಸಾಲೆಗೆ ಬಂದ. ಕಾಲು ಮೇಲೆ, ತಲೆ ಕೆಳಗಾಗಿ ಮಲಗಿದ್ದ ಹೆಂಡತಿಯ ಮುಖ ನೋಡದೆ, "ಹೇಳಬೇಕಿತ್ತು ನಾ," ಎಂದು ನೆಲಕ್ಕೆ ಹೇಳಿದ.

ಮಾದೇವಿಗೆ ಸಿಟ್ಟು ಇನ್ನೂ ಇತ್ತು, ಹೆದರಿಕೆಯೂ ಇತ್ತು. ಇನ್ನೂ ಏಳು ವಾರ ಹೀಗೇ ಮಲಗಬೇಕು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತೊಲೆಯನ್ನು ನೋಡುತ್ತಿದ್ದಳು.

ಭೀಮಶಿ ಹೊರಸಿನ ಕೆಳಗೆ ಕಸಬರಿಗೆ ಚಾಚಿದ. ಅದು ಇಟ್ಟಂಗಿಗೆ ತಾಗಿತು. ಅವನು ಕೈ ತಡೆದ. ಆಮೇಲೆ ಮೊಣಕಾಲೂರಿ ಕೂತು, ಇಟ್ಟಂಗಿ ಅಲುಗದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಸುತ್ತಲಿನ ಧೂಳನ್ನು ಸ್ವಲ್ಪ ಸ್ವಲ್ಪವೇ ಈಚೆಗೆ ಎಳೆದುಕೊಂಡ.