ಕೂರಿಸಿದ ಹಲ್ಲಿಗೂ ಆರೈಕೆ ಬೇಕು

ಹಲ್ಲುನೋವು ಬಂದರೆ ನಾವು ಏನು ಮಾಡುತ್ತೇವೆ? ಒಂದು ಲವಂಗ ಕಚ್ಚಿಕೊಳ್ಳುತ್ತೇವೆ, ಒಂದು ಮಾತ್ರೆ ನುಂಗುತ್ತೇವೆ. ನೋವು ಹೋದರೆ ಹಲ್ಲನ್ನೂ ಮರೆಯುತ್ತೇವೆ. ಸೀಟಣ್ಣನೂ ಹಾಗೇ ಮರೆತಿದ್ದ.

ಬೀದಿಯ ಮೂಲೆಯಲ್ಲಿ ಅವನ ಅಂಗಡಿ. ಬಸ್ಸು, ವ್ಯಾನು, ಲಾರಿಗಳ ಹರಿದ ಸೀಟುಗಳಿಗೆ ಹೊಸ ಸ್ಪಂಜು ತುಂಬಿ, ರೆಕ್ಸಿನ್ ಹೊಲಿದು ಕೊಡುವುದು ಅವನ ಕಸುಬು. ಅದಕ್ಕೇ ಎಲ್ಲರ ಬಾಯಲ್ಲೂ ಸೀಟಣ್ಣ. ಅವನಿಗೆ ಕೈ ಎರಡೇ ಆದರೂ ಮೂರನೆಯ ಕೈ ಬಾಯಲ್ಲಿತ್ತು. ಚಿಕ್ಕ ಮೊಳೆಗಳನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದ. ದಪ್ಪ ಹುರಿಯನ್ನು ಹಲ್ಲಿನಿಂದಲೇ ಕಡಿಯುತ್ತಿದ್ದ.

ನಲವತ್ತು ದಾಟುತ್ತಲೇ ಅವನ ವಸಡಿನಲ್ಲಿ ರಕ್ತ ಬರತೊಡಗಿತು. ಸಕ್ಕರೆ ಕಾಯಿಲೆಯೂ ಜೊತೆಗೆ ಸೇರಿತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದ. ಐವತ್ತೈದಾಗುವಷ್ಟರಲ್ಲಿ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ ಉದುರಿದವು. ಉಳಿದ ನಾಲ್ಕನ್ನು ವೈದ್ಯರೇ ಕಿತ್ತರು.

ಆಮೇಲಿನ ಒಂದು ವರ್ಷವನ್ನು ಅವನ ಹೆಂಡತಿ ಇಂದಿಗೂ ನೆನೆಸಿಕೊಳ್ಳಲು ಬಯಸುವುದಿಲ್ಲ. ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಸಿದ್ದಾಯಿತು. ಮಾತಾಡುವಾಗ ಅದು ಜಾರುತ್ತಿತ್ತು. ಗಿರಾಕಿಯ ಎದುರು ಒಮ್ಮೆ ಬಿದ್ದೇ ಹೋಯಿತು. ಅಂದಿನಿಂದ ಸೀಟಣ್ಣ ಅಂಗಡಿಯಲ್ಲಿ ಮಾತು ನಿಲ್ಲಿಸಿದ. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಗೆ ಬಂದು, ಗೋಡೆಗೆ ಮುಖ ಮಾಡಿ ಗಂಜಿ ಕುಡಿಯುತ್ತಿದ್ದ. ನಗಬೇಕೆನಿಸಿದರೆ ಕೈ ಬಾಯಿಗೆ ಅಡ್ಡ ಬರುತ್ತಿತ್ತು.

ಆಗ ದಾರಿ ತೋರಿಸಿದವಳು ಪಕ್ಕದ ಮನೆಯ ಸಿಸ್ಟರ್. ಅವಳು ದಂತ ಆಸ್ಪತ್ರೆಯಲ್ಲಿ ನರ್ಸು. ದವಡೆಯ ಮೂಳೆಯಲ್ಲಿ ಸಣ್ಣ ಲೋಹದ ತಿರುಪುಗಳನ್ನು ಕೂರಿಸುತ್ತಾರೆ, ಅದಕ್ಕೆ ಇಂಪ್ಲಾಂಟ್ ಎನ್ನುತ್ತಾರೆ, ಅವುಗಳ ಮೇಲೆ ಹಲ್ಲಿನ ಇಡೀ ಸಾಲನ್ನು ಬಿಗಿಯುತ್ತಾರೆ, ಅದು ಜಾರುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಮೊದಲು ಸಕ್ಕರೆ ಹತೋಟಿಗೆ ಬಂತು. ಆಮೇಲೆ ಮೇಲಿನ ದವಡೆಗೆ ಆರು, ಕೆಳಗಿನದಕ್ಕೆ ನಾಲ್ಕು ಇಂಪ್ಲಾಂಟ್ ಕೂತವು. ಮೂಳೆ ಅವನ್ನು ಹಿಡಿದುಕೊಳ್ಳಲು ತಿಂಗಳುಗಳೇ ಬೇಕಾದವು. ಅಲ್ಲಿಯವರೆಗೆ ತಾತ್ಕಾಲಿಕ ಹಲ್ಲು, ಮೆತ್ತನೆಯ ಊಟ. ಕೊನೆಗೆ ಗಟ್ಟಿ ಹಲ್ಲು ಬಿಗಿದ ದಿನ ಸೀಟಣ್ಣ ಊಟದ ಮೇಜಿಗೆ ಬಂದು ಎಲ್ಲರ ನಡುವೆ ಕೂತ. ಹೆಂಡತಿ ಬಡಿಸುತ್ತಾ ಬಡಿಸುತ್ತಾ ಕಣ್ಣೊರೆಸಿಕೊಂಡಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಹೊಸ ಹಲ್ಲನ್ನು ಹೇಗೆ ನೋಡಿಕೊಳ್ಳಬೇಕೆಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಕಪಾಟು ಸೇರಿತು. ಆರು ತಿಂಗಳಿಗೊಮ್ಮೆ ಬನ್ನಿ ಎಂದು ಫೋನು ಬಂದರೆ, ಕೆಲಸ ಜಾಸ್ತಿ, ಮುಂದಿನ ತಿಂಗಳು ಬರುತ್ತೇನೆ ಎನ್ನುತ್ತಿದ್ದ. ಹೆಂಡತಿ ನೆನಪಿಸಿದರೆ ಅವನ ಉತ್ತರ ಸಿದ್ಧವಾಗಿತ್ತು.

“ಲೋಹಕ್ಕೆ ಹುಳುಕು ಹಿಡಿಯುತ್ತಾ? ನಂದೇ ಹಲ್ಲಿದ್ದಾಗ ಉಜ್ಜಿ ಉಜ್ಜಿ ಏನು ಉಳೀತು ಹೇಳು.”

ಮೊಳೆಗಳು ಮತ್ತೆ ಬಾಯಿಗೆ ಬಂದವು. ಹುರಿಯನ್ನೂ ಮತ್ತೆ ಹಲ್ಲೇ ಕಡಿಯಿತು. ಸಕ್ಕರೆಯ ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದಾಗ ನೀರು ಕೆಂಪಾಗಿತ್ತು. ನೋವಿರಲಿಲ್ಲ. ಮರುದಿನವೂ ಹಾಗೇ ಆಯಿತು. ಬಾಯಿಂದ ಕೆಟ್ಟ ವಾಸನೆ ಬರುತ್ತಿರುವುದು ಅವನಿಗೇ ತಿಳಿಯುತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಬಿಚ್ಚಿ ತೆಗೆದುಬಿಡುತ್ತಾರೆ ಎಂಬ ಭಯ ಅವನಿಗೆ. ಗೋಡೆಗೆ ಮುಖ ಮಾಡಿ ಕೂತ ಆ ವರ್ಷ ಮತ್ತೆ ಬಂದುಬಿಟ್ಟರೆ? ಬಾಯಿ ಮುಕ್ಕಳಿಸುವಾಗ ಬಚ್ಚಲಿನ ಬಾಗಿಲು ಹಾಕಿಕೊಳ್ಳತೊಡಗಿದ. ಮಾತಾಡುವಾಗ ಹೆಂಡತಿಯಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಊಟ ಮಾಡುವಾಗ ಕೆಳಗಿನ ಸಾಲು ‘ಟಿಕ್’ ಎಂದಿತು. ನಾಲಿಗೆಯಿಂದ ಒತ್ತಿ ನೋಡಿದ. ಎಡಗಡೆ ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಊಟವನ್ನು ಅರ್ಧಕ್ಕೇ ಬಿಟ್ಟು ಅಂಗಡಿಗೆ ನಡೆದ.

ಅವನ ಮುಖ ನೋಡಿ ಹೆಂಡತಿಗೆ ಮನಸ್ಸು ತಡೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅಂಗಡಿಗೆ ಬಂದಳು. ಸೀಟಣ್ಣ ಒಳಗೆ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ರೆಕ್ಸಿನ್ ಅಂಟಿಸುವ ಗೋಂದಿನ ಟ್ಯೂಬು. ಮುಚ್ಚಳ ಆಗಲೇ ಬಿಚ್ಚಿತ್ತು.

ಅವಳು ಕೂಗಾಡಲಿಲ್ಲ. ಹತ್ತಿರ ಬಂದು ಟ್ಯೂಬನ್ನು ಅವನ ಕೈಯಿಂದ ಬಿಡಿಸಿಕೊಂಡಳು.

“ಎಷ್ಟು ದಿನದಿಂದ ರೀ?”

“ನಾಲ್ಕು ತಿಂಗಳಾಯ್ತು,” ಎಂದ. “ಕಿತ್ತುಹಾಕ್ತಾರೆ ಕಣೇ. ಇನ್ನೊಂದು ಸಲ ಹಾಗೆ ಬದುಕೋಕೆ ನನ್ನ ಕೈಲಾಗಲ್ಲ.”

ಸಿಸ್ಟರ್ ಆಗಷ್ಟೇ ಕೆಲಸ ಮುಗಿಸಿ ಮನೆಗೆ ಬಂದಿದ್ದಳು. ಹೆಂಡತಿ ಅವಳನ್ನು ಕರೆತಂದಳು. ಸಿಸ್ಟರ್ ಟಾರ್ಚು ಹಿಡಿದು ಬಾಯೊಳಗೆ ನೋಡಿದಳು. ಗೋಂದಿನ ವಿಷಯ ಕೇಳಿ, ಅದನ್ನು ಬಾಯಿಯ ಹತ್ತಿರವೂ ತರಬೇಡಿ ಎಂದಳು.

“ಅಣ್ಣ, ಕೂರಿಸಿದ ಹಲ್ಲಿಗೆ ಹುಳುಕು ಹಿಡಿಯಲ್ಲ, ಅದು ನಿಜ,” ಎಂದಳು. “ಆದ್ರೆ ಅದು ನಿಂತಿರೋದು ನಿಮ್ಮ ವಸಡಿನಲ್ಲಿ, ನಿಮ್ಮ ಮೂಳೇಲಿ. ಅವೆರಡೂ ಜೀವ ಇರೋವು. ಅಲ್ಲಿ ಕೊಳೆ ಕೂತ್ರೆ ವಸಡು ಊದುತ್ತೆ, ಬಿಟ್ರೆ ಮೂಳೆ ಸವೆಯುತ್ತೆ. ನೋವು ಬರೋವರೆಗೆ ಕಾಯೋಕೆ ಹೋದ್ರೆ ತುಂಬಾ ತಡ ಆಗಿರುತ್ತೆ. ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ.”

ಕಿತ್ತುಹಾಕುತ್ತಾರಾ ಎಂದು ಅವನು ಕೇಳಿದ. ನೋಡದೆ ಹೇಳಲಾಗದು, ಆದರೆ ಬೇಗ ಹೋದಷ್ಟೂ ಉಳಿಸಿಕೊಳ್ಳುವುದು ಸುಲಭ ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲವೆಂದೇ ಅವನಿಗೆ ಅವಳ ಮಾತಿನಲ್ಲಿ ನಂಬಿಕೆ ಬಂತು.

ಮರುದಿನ ಆಸ್ಪತ್ರೆಯ ಕುರ್ಚಿಯಲ್ಲಿ ಸೀಟಣ್ಣ ಕಣ್ಣು ಮುಚ್ಚಿ ಕೂತ. ವೈದ್ಯೆ ಮೊದಲು ಎಕ್ಸ್‌ರೇ ತೆಗೆಸಿದರು. ಆಮೇಲೆ ಕೆಳಗಿನ ಸಾಲನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಅದರ ಅಡಿಯನ್ನು ಅವನಿಗೆ ತೋರಿಸಿದರು. ಎರಡು ವರ್ಷದ ಕೊಳೆ ಕಪ್ಪಾಗಿ ಗಟ್ಟಿಯಾಗಿತ್ತು. ನಾಚಿಕೆಯಿಂದ ಅವನು ಮುಖ ತಿರುಗಿಸಿದ.

“ಹೆದರಬೇಡಿ,” ಎಂದರು ವೈದ್ಯೆ. “ಸಾಲನ್ನು ಹಿಡಿದಿರೋ ಒಂದು ಸ್ಕ್ರೂ ಸಡಿಲ ಆಗಿದೆ, ಅಷ್ಟೇ. ಮೂಳೆಯಲ್ಲಿರೋ ಹತ್ತೂ ಇಂಪ್ಲಾಂಟ್ ಗಟ್ಟಿಯಾಗಿವೆ. ಒಂದರ ಸುತ್ತ ಮೂಳೆ ಸ್ವಲ್ಪ ಸವೆದಿದೆ. ಈಗ ಬಂದಿದ್ದು ಒಳ್ಳೇದಾಯ್ತು.”

ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಸೀಟಣ್ಣನ ಬೆರಳುಗಳು ತಾವಾಗಿಯೇ ಸಡಿಲವಾದವು. ಮೂಲೆಯಲ್ಲಿ ನಿಂತಿದ್ದ ಹೆಂಡತಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಆ ಗಂಟೆಯಲ್ಲೇ ವಸಡು ಶುಚಿಯಾಯಿತು, ಹೊಸ ಸ್ಕ್ರೂ ಬಂತು, ಸಾಲು ಸ್ವಸ್ಥಾನ ಸೇರಿತು. ವಸಡು ಪೂರ್ತಿ ಆರಲು ಇನ್ನೂ ಎರಡು ಸಲ ಬರಬೇಕೆಂದು ವೈದ್ಯೆ ಹೇಳಿದರು. ಮೊಳೆ, ಹುರಿಗಳ ಸಮಾಚಾರ ತಿಳಿದಾಗ, ಹಲ್ಲು ಊಟಕ್ಕೆ ಮತ್ತು ನಗುವುದಕ್ಕೆ ಮಾತ್ರ, ಕತ್ತರಿಯ ಕೆಲಸವನ್ನು ಕತ್ತರಿಗೇ ಬಿಡಿ ಎಂದರು.

ಸಿಸ್ಟರ್ ಶುಚಿ ಮಾಡುವ ಬಗೆಯನ್ನು ಕಲಿಸಿದಳು. ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್. ಹಲ್ಲಿನ ಸಾಲಿಗೂ ವಸಡಿಗೂ ನಡುವೆ ಇರುವ ಸಂದಿಗೆ ಪುಟ್ಟ ಬ್ರಷ್, ಇಲ್ಲವೇ ಅದಕ್ಕೆಂದೇ ಸಿಗುವ ದಪ್ಪ ದಾರ. ಸೂಜಿ ದಾರದಲ್ಲಿ ಪಳಗಿದ ಕೈ ಅಲ್ಲವೇ, ಸೀಟಣ್ಣ ಎರಡನೆಯ ಪ್ರಯತ್ನಕ್ಕೇ ಕಲಿತ. ಇಷ್ಟು ನೀಟಾಗಿ ತನ್ನ ಯಾವ ರೋಗಿಯೂ ಮಾಡಿಲ್ಲ ಎಂದು ಸಿಸ್ಟರ್ ನಕ್ಕಳು.

ಆಗ ಹೆಂಡತಿ ಗಂಡನಿಗೆ ಬುದ್ಧಿವಾದ ಶುರು ಮಾಡಿದಳು. ಎಷ್ಟು ಸಲ ಹೇಳಿದ್ದೆ, ಕೇಳಿದಿರಾ ಎಂದು. ಸಿಸ್ಟರ್ ಅವಳ ಕಡೆ ತಿರುಗಿದಳು.

“ಅಕ್ಕ, ನಿಮ್ಮ ಹಲ್ಲನ್ನ ಯಾವಾಗ ತೋರಿಸಿದ್ರಿ?”

ಹೆಂಡತಿ ಯಾವತ್ತೂ ತೋರಿಸಿರಲಿಲ್ಲ. ಉಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದಾಗ, ಅದು ಮೊದಲಿಂದಲೂ ಇದೆ ಎಂದಳು. ಸೀಟಣ್ಣ ಕುರ್ಚಿಯಿಂದ ಎದ್ದು, ಅವಳ ಕೈ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿದ. ವೈದ್ಯೆ ನೋಡಿದರು. ಎರಡು ಹಲ್ಲಿನ ಬುಡದಲ್ಲಿ ವಸಡು ಬಿಟ್ಟುಕೊಂಡಿತ್ತು. ಶುಚಿ ಮಾಡಿಸಿ ಚೆನ್ನಾಗಿ ನೋಡಿಕೊಂಡರೆ ಉಳಿಯುತ್ತವೆ ಎಂದರು. ಇನ್ನೆರಡು ವರ್ಷ ಬಿಟ್ಟಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ ಎಂದೂ ಸೇರಿಸಿದರು.

ಇದೆಲ್ಲ ಆಗಿ ಒಂದು ವರ್ಷವಾಯಿತು. ಸೀಟಣ್ಣನ ವಸಡು ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ, ಮೂಳೆ ಮತ್ತೆ ಸವೆದಿಲ್ಲ. ಸಕ್ಕರೆ ಮಾತ್ರೆ ತಪ್ಪುವುದಿಲ್ಲ. ಹೆಂಡತಿಯ ಆ ಎರಡು ಹಲ್ಲೂ ಅವಳ ಬಾಯಲ್ಲೇ ಇವೆ. ತಪಾಸಣೆಗೆ ಇಬ್ಬರೂ ಜೊತೆಯಲ್ಲೇ ಹೋಗುತ್ತಾರೆ. ಬರುವಾಗ ಉದ್ಯಾನದ ಬೆಂಚಿನ ಮೇಲೆ ಕೂತು, ಒಂದು ಪೊಟ್ಟಣ ಹುರಿದ ಕಡಲೆಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಯಲ್ಲಿ ಕೂರಿಸಿದ ಹಲ್ಲಿದ್ದರೆ ಅದರ ಸುತ್ತ ದಿನವೂ ಶುಚಿ ಮಾಡಿ. ರಕ್ತ, ವಾಸನೆ, ಅಲುಗಾಟ ಕಂಡರೆ ಮುಚ್ಚಿಡಬೇಡಿ, ನೀವೇ ರಿಪೇರಿಗೂ ಇಳಿಯಬೇಡಿ. ಬೀಡಿ, ಸಿಗರೇಟು, ತಂಬಾಕು ಬಿಡಿ. ಆರು ತಿಂಗಳಿಗೊಮ್ಮೆಯೋ, ನಿಮ್ಮ ವೈದ್ಯರು ಹೇಳಿದ ಹೊತ್ತಿಗೋ ಹೋಗಿ ತೋರಿಸಿ. ನಿಮ್ಮವೇ ಹಲ್ಲು ಇನ್ನೂ ಇದ್ದರೆ ನೀವು ಪುಣ್ಯವಂತರು. ಈ ವಾರವೇ ಒಮ್ಮೆ ದಂತವೈದ್ಯರ ಮುಂದೆ ಬಾಯಿ ತೆರೆಯಿರಿ. ಹೋಗುವಾಗ ಮನೆಯಲ್ಲಿ ಸುಮ್ಮನೆ ಸಹಿಸಿಕೊಂಡಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.