ಒಬ್ಬ ಮನುಷ್ಯನ ಅಗಲ

ಚಟ್ಟದ ಮುಂದಿನ ತುದಿ ಗೋಡೆಗೆ ತಾಗಿ ನಿಂತಿತು.

"ಹಿಂದೆ ತಗೊಳ್ಳಿ, ಸ್ವಲ್ಪ ಹಿಂದೆ," ಎಂದ, ಮುಂದೆ ಹೆಗಲು ಕೊಟ್ಟಿದ್ದ ಮಗ.

ಹಿಂದಿನವರು ಸರಿದರು. ಓರೆ ಮಾಡಿ ಇನ್ನೊಮ್ಮೆ ನುಗ್ಗಿಸಿದರು. ಈ ಸಲ ಬಿದಿರಿನ ತುದಿ ಗೋಡೆಯ ಸಂದಿನೊಳಗೆ ಹೋಯಿತು. ಆದರೆ ಒಳಗೆ ದಾರಿ ಮಡಚಿದ ಮೊಣಕೈಯಂತೆ ತಿರುಗಿತ್ತು. ಆ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆ ಮಲಗಿದ್ದ ತಾಯಿಯ ತಲೆ ಒಂದು ಪಕ್ಕಕ್ಕೆ ವಾಲಿತು. ಮಗಳು ಬಂದು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು.

"ಇಳಿಸಿಬಿಡಿ. ಅವಳನ್ನ ಹೀಗೆ ಕುಲುಕಬೇಡಿ."

ಇಳಿಸಿದರು. ಅಂಗಳದಲ್ಲಿ ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗೋಡೆ ಸರ್ಕಾರದ್ದು. ರಸ್ತೆಯ ಉದ್ದಕ್ಕೂ ಆಳೆತ್ತರ ಮೀರಿ ನಿಂತಿತ್ತು. ನೆತ್ತಿಯ ಮೇಲೆ ಗಾಜಿನ ಚೂರು ನೆಟ್ಟಿದ್ದರು. ಒಳಗೆ ಧಾನ್ಯದ ಉಗ್ರಾಣ, ಉಗ್ರಾಣದ ಪಕ್ಕಕ್ಕೆ ಈ ಒಂದೇ ಮನೆ. ಸುತ್ತಲಿನ ಹೊಲಗಳನ್ನೆಲ್ಲ ಸರ್ಕಾರ ತೆಗೆದುಕೊಂಡಾಗ ಕೊಡುವುದಿಲ್ಲ ಎಂದು ಕೂತ ಮನೆ ಅದು. ಲಾರಿಗಳಿಗೆ ಆಚೆ ಕೊನೆಯಲ್ಲಿ ದೊಡ್ಡ ಗೇಟು. ಮನೆಯವರಿಗೆ ಗೋಡೆಯ ನಡುವಿನ ಈ ಸಂದು. ಒಬ್ಬರ ಹಿಂದೊಬ್ಬರು ಭುಜ ಓರೆ ಮಾಡಿಕೊಂಡು ದಾಟಬೇಕು. ಎಷ್ಟು ಜೋಪಾನವಾಗಿ ದಾಟಿದರೂ ಒಂದು ಭುಜಕ್ಕೆ ಸುಣ್ಣ ಹತ್ತದೆ ಇರುತ್ತಿರಲಿಲ್ಲ. ಸಂತೆಯಲ್ಲಿ ಜನ ಆ ಮನೆಯವರ ಮುಖ ನೋಡುತ್ತಿರಲಿಲ್ಲ, ಭುಜ ನೋಡಿ ಗುರುತು ಹಿಡಿಯುತ್ತಿದ್ದರು. ತಾಯಿಗೆ ಗೋಡೆಯಮ್ಮ ಎಂದೇ ಹೆಸರು ಬಿದ್ದಿತ್ತು. ಅವಳು ಮಾತ್ರ ದಾಟಿದ ಕೂಡಲೇ ನಿಂತು, ಅಂಗೈಯಿಂದ ಭುಜ ಕೊಡವಿಕೊಂಡು, ಆಮೇಲೆ ರಸ್ತೆಗೆ ಇಳಿಯುತ್ತಿದ್ದಳು.

ಗೋಡೆ ಎದ್ದ ಮೇಲೆ ಆ ಮನೆಯೊಳಗೆ ಯಾರೂ ಸತ್ತಿರಲಿಲ್ಲ. ಗಂಡ ತೀರಿಕೊಂಡದ್ದು ಆಸ್ಪತ್ರೆಯಲ್ಲಿ. ಅಲ್ಲಿಂದಲೇ ಮಣ್ಣಿಗೆ ಹೋಗಿದ್ದ. ಮಲಗಿದ ಮನುಷ್ಯ ಇಲ್ಲಿಂದ ಹೊರಗೆ ಹೋಗುವುದು ಹೇಗೆಂದು ಯಾರಿಗೂ ಹೊಳೆದಿರಲಿಲ್ಲ.

"ಗೋಡೆನೇ ಒಡೆದು ಹಾಕೋಣ," ಎಂದಿತು ಹಿಂದಿನ ಒಂದು ದನಿ.

"ಒಡಿ. ಅವಳನ್ನ ಮಣ್ಣಿಗೆ ಕಳಿಸಿ ನಾವು ಜೈಲಿಗೆ ಹೋಗೋಣ," ಎಂದಳು ರಸ್ತೆಯಾಚೆಯ ಎದುರುಮನೆಯಾಕೆ. "ಸರ್ಕಾರಿ ಗೋಡೆ ಅದು, ನಿನ್ನ ಮಾವನ ಮನೇದಲ್ಲ."

ಉಗ್ರಾಣದ ಕಡೆಯಿಂದ ಕಾವಲುಗಾರ ಬಂದ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಒಂದು ಕಾಗದ. ಸತ್ತವಳ ಕಡೆ ನೋಡಿ ಚಪ್ಪಲಿ ಬಿಟ್ಟ.

"ಸಾಹೇಬರಿಗೆ ಫೋನ್ ಮಾಡಿದ್ದೆ ಅಣ್ಣ. ದೊಡ್ಡ ಗೇಟು ತೆಗಿ ಅಂದ್ರು. ಇದಕ್ಕೊಂದು ಸಹಿ ಹಾಕಿಸ್ಕೊಂಡು ತೆಗಿ ಅಂದ್ರು."

ಮಗ ಕಾಗದಕ್ಕೆ ಕೈ ಚಾಚಿದ. ಜೇಬಿನಿಂದ ಪೆನ್ನು ತೆಗೆದ.

"ಏನು ಬರೆದಿದೆ, ಜೋರಾಗಿ ಓದು," ಎಂದಳು ತಂಗಿ.

"ತಮ್ಮ ದಯೆಯಿಂದ... ದಾರಿ ಮಾಡಿಕೊಡಬೇಕಾಗಿ ಬೇಡಿಕೊಳ್ಳುತ್ತೇವೆ..." ಅವನು ದನಿ ತಗ್ಗಿಸಿದ. "ಈ ಆವರಣದಲ್ಲಿ ನಮಗೆ ದಾರಿಯ ಹಕ್ಕು ಯಾವುದೂ ಇರುವುದಿಲ್ಲವೆಂದು ಒಪ್ಪಿ..."

"ಅದು ಅಚ್ಚಿನ ಕಾಗದ ಅಮ್ಮ," ಎಂದ ಕಾವಲುಗಾರ. "ಎಲ್ಲರಿಗೂ ಒಂದೇ."

"ಎಲ್ಲರೂ ಅಂದ್ರೆ ಯಾರು? ಇಲ್ಲಿರೋದು ನಮ್ಮದೊಂದೇ ಮನೆ."



*

ಮನೆಗೂ ರಸ್ತೆಗೂ ನಡುವೆ ಗೋಡೆ ಎದ್ದ ವರ್ಷ ತಾಯಿ ಕೋರ್ಟಿಗೆ ಹೋಗಿದ್ದಳು. ಸರ್ಕಾರದ ವಕೀಲರು ಉಗ್ರಾಣ, ಕಳ್ಳತನ, ಸಾರ್ವಜನಿಕರ ಹಿತ ಎಂದು ಬಹಳ ಹೊತ್ತು ಮಾತಾಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಬಾಗಿಲ ಬಳಿ ನಿಂತಿದ್ದ ಅವಳನ್ನು ನೋಡಿದರು.

"ಗೋಡೆ ಕಟ್ಟುವ ಅಧಿಕಾರ ಸರ್ಕಾರಕ್ಕಿದೆ. ಈ ಹೆಂಗಸನ್ನು ಒಳಗಿಟ್ಟು ಕಟ್ಟುವ ಅಧಿಕಾರ ಇಲ್ಲ."

ಒಬ್ಬ ಮನುಷ್ಯ ಓಡಾಡುವಷ್ಟು ದಾರಿ ಬಿಡಬೇಕು ಎಂದು ತೀರ್ಪಾಯಿತು. ಅವಳ ವಕೀಲರು ಮೆಟ್ಟಿಲು ಇಳಿಯುತ್ತಾ ಹೇಳಿದರು: "ಒಂದು ಮಾತು ಮರೀಬೇಡಮ್ಮ. ದಾರಿ ನಿನ್ನದು, ನಡೀತಾ ಇರು. ಅವರನ್ನ ಕೇಳ್ಕೊಂಡು ಮಾತ್ರ ನಡೀಬೇಡ. ಕೇಳಿದ ದಿನ ಅದು ಅವರದಾಗುತ್ತೆ."

ಸಂದು ಬಿಡಿಸಲು ಎಂಜಿನಿಯರು ಬಂದರು. ಕೆಲಸಕ್ಕಿದ್ದ ಗಾರೆಯವನು ಎಷ್ಟು ಸಣಕಲನೆಂದರೆ ಎಲ್ಲರೂ ಅವನನ್ನು ಕಡ್ಡಿ ಮೇಸ್ತ್ರಿ ಎನ್ನುತ್ತಿದ್ದರು.

"ಕಡ್ಡಿ, ಬಾ ಇಲ್ಲಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲು."

"ಯಾಕೆ ಸಾರ್?"

"ಒಬ್ಬ ಮನುಷ್ಯನಷ್ಟು ಅಂದಿದೆ ಕೋರ್ಟು. ನೀನೂ ಮನುಷ್ಯ ತಾನೇ?"

"ನನ್ನ ಹೆಂಡ್ತಿ ಒಪ್ಪಲ್ಲ ಸಾರ್."

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಎಂಜಿನಿಯರು ಅವನ ಎರಡು ಭುಜದ ಪಕ್ಕ ಸೀಮೆಸುಣ್ಣದ ಗೆರೆ ಎಳೆದಿದ್ದರು. ದನಗಳು ನುಗ್ಗಬಾರದೆಂದು ನಡುವೆ ಒಂದು ತಿರುವೂ ಬಂತು. ಮುಗಿದ ಮೇಲೆ ಅವಳು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಒಮ್ಮೆ ನಡೆದು ನೋಡಿದಳು. ಅಗಲ ಸಾಲದೆಂದು ಮತ್ತೆ ಕೋರ್ಟು ಹತ್ತುವ ತ್ರಾಣ ಅವಳಿಗಿರಲಿಲ್ಲ.

"ಆಗುತ್ತೆ ಬಿಡಿ," ಎಂದಳು.

*

"ಅವಳ ಹಠ ಅವಳ ಜೊತೆಗೇ ಹೋಗ್ಲಿ," ಎಂದ ಮಗ. "ಒಂದು ಗೀಚು. ಅಷ್ಟೇ ತಾನೇ? ಹೊತ್ತು ಇಳೀತಾ ಇದೆ."

"ಗೀಚಿ ನೀನು ಪೇಟೆಗೆ ಹೋಗ್ತೀಯ. ಇಲ್ಲಿ ಇರೋಳು ನಾನು. ನಾಳೆ ಇದನ್ನೂ ಮುಚ್ಚಿದ್ರೆ ನಾನು ಯಾರನ್ನ ಕೇಳ್ಲಿ?"

"ಯಾಕೆ ಮುಚ್ತಾರೆ? ನಿನಗೆ ಅವಳ ಗಾಳಿ ಹೊಡೆದಿದೆ. ಎಲ್ಲದರಲ್ಲೂ ಸಂಶಯ." ಅವನು ಚಟ್ಟದ ಕಡೆ ನೋಡದೆ ಮಾತಾಡಿದ. "ಆ ಹಸು ನೆನಪಿದೆಯಾ ನಿನಗೆ?"

ತಂಗಿ ಮುಖ ತಿರುಗಿಸಿದಳು.

*

ಕರುವನ್ನು ತಾಯಿ ಎದೆಗೆ ಅವುಚಿಕೊಂಡು ಸಂದಿನಲ್ಲಿ ತಂದಿದ್ದಳು. ಅದರ ಕಾಲುಗಳು ಜೋತಾಡುತ್ತಿದ್ದವು. ಮಕ್ಕಳಿಬ್ಬರೂ ಹಿಂದೆ ಮುಂದೆ ಕುಣಿದರು. ಅದು ಬೆಳೆಯುತ್ತದೆ ಎಂಬುದನ್ನು ಅವಳು ಆ ಸಂತೋಷದಲ್ಲಿ ಮರೆತಿದ್ದಳೋ, ಗೊತ್ತಿದ್ದೂ ತಂದಿದ್ದಳೋ, ಯಾರೂ ಕೇಳಲಿಲ್ಲ.

ಅದು ಹಸುವಾಯಿತು. ಅವಳು ಹೊರಗಿಂದ ಹುಲ್ಲು ಹೊತ್ತು ತರುತ್ತಿದ್ದಳು. ಹಸು ದಿನವೂ ಬೆಳಿಗ್ಗೆ ಸಂದಿನ ಬಾಯಿಗೆ ಬಂದು, ತಲೆಯನ್ನಷ್ಟು ಒಳಗೆ ತೂರಿಸಿ, ತಿರುವಿನ ಗೋಡೆಯನ್ನು ನೋಡುತ್ತಾ ನಿಲ್ಲುತ್ತಿತ್ತು.

"ಒಂದು ಸಹಿ ಹಾಕಿದ್ರೆ ಗೇಟಿನಿಂದ ಅದು ಮೇಯೋಕೆ ಹೋಗುತ್ತೆ ಅಮ್ಮ," ಎಂದಿದ್ದ ಮಗ, ಮೀಸೆ ಚಿಗುರುವ ವಯಸ್ಸಿನಲ್ಲಿ.

"ಈವತ್ತು ಅದಕ್ಕೆ ಕೇಳಿದ್ರೆ, ನಾಳೆ ನಮಗೂ ಕೇಳಬೇಕಾಗುತ್ತೆ."

"ಅದಕ್ಕೇನು ಗೊತ್ತು ನಿನ್ನ ಕೋರ್ಟು?"

ಅವಳು ಹುಲ್ಲು ಬಿಡಿಸುತ್ತಲೇ ಇದ್ದಳು. ಹಸು ಅಲ್ಲೇ ಮುದಿಯಾಗಿ, ಅಲ್ಲೇ ಸತ್ತು, ಹಿತ್ತಿಲಲ್ಲೇ ಮಣ್ಣಾಯಿತು. ಆಮೇಲೆ ಅವಳು ಹಾಲು ಮುಟ್ಟಲಿಲ್ಲ. ಮರುವರ್ಷ ಮಗ ಪೇಟೆಯಲ್ಲಿ ಕೆಲಸ ಹಿಡಿದ. ಬಂದಾಗಲೆಲ್ಲ ಸಂದು ದಾಟಿ, ಬಿಳಿಯಾದ ಭುಜ ನೋಡಿಕೊಂಡು ಏನೋ ಗೊಣಗುತ್ತಿದ್ದ.

*

ಹೊತ್ತು ಉಗ್ರಾಣದ ಸೂರಿಗೆ ಇಳಿದಿತ್ತು. ಕಡ್ಡಿ ಮೇಸ್ತ್ರಿ ಸಂದು ದಾಟಿ ಒಳಗೆ ಬಂದ. ಮುದುಕನಾಗಿ ಇನ್ನೂ ಸಣಕಲನಾಗಿದ್ದ; ಆದರೂ ಗೋಡೆಗೆ ಹೊಸದಾಗಿ ಬಳಿದಿದ್ದ ಸುಣ್ಣ ಅವನನ್ನೂ ಬಿಟ್ಟಿರಲಿಲ್ಲ. ಚಟ್ಟದ ಹತ್ತಿರ ಕೂತು, ಸತ್ತವಳ ಕಾಲು ಮುಟ್ಟಿದ.

"ಅವತ್ತು ನಾನು ನಿಂತ್ಕೊಂಡು ಅಳತೆ ಕೊಟ್ಟೆ ತಾಯಿ," ಎಂದ ಅವಳಿಗೇ. "ಕೂಲಿಯವನು ನೆಟ್ಟಗೆ ನಿಂತದ್ದೇ ತಪ್ಪಾಯ್ತು. ಅಡ್ಡ ಬಿದ್ಕೊಂಡಿದ್ರೆ ಲಾರಿನೇ ಹೋಗೋದು."

ಒಬ್ಬಿಬ್ಬರು ನಕ್ಕು, ನಾಲಿಗೆ ಕಚ್ಚಿಕೊಂಡರು.

ಮಗ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ತಂಗಿ ಅವನನ್ನು ಬಿಟ್ಟು ಕಾವಲುಗಾರನ ಕಡೆ ತಿರುಗಿದಳು. ಸಂದಿನ ಪಕ್ಕದಲ್ಲಿ ಹೊಸದಾಗಿ ಕಡಿದ ಕಲ್ಲಿನ ರಾಶಿಯಿತ್ತು.

"ಈ ಕಲ್ಲು ಯಾಕೆ ತಂದು ಹಾಕಿದಾರೆ?"

"ನನಗೇನು ಗೊತ್ತಮ್ಮ. ಇಳಿಸು ಅಂದ್ರು, ಇಳಿಸಿದ್ವಿ."

"ಯಾವಾಗ?"

"ಅಮ್ಮ ಹಾಸಿಗೆ ಹಿಡಿದ ಮೇಲೆ," ಎಂದ ಅವನು, ಬೀಗದ ಕೈಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು.

ಮಗ ತಲೆಯೆತ್ತಿ ರಾಶಿಯನ್ನು ನೋಡಿದ. ಕಲ್ಲುಗಳು ಹೆಚ್ಚೇನೂ ಇರಲಿಲ್ಲ. ಆ ಸಂದಿಗೆ ಸಾಕಾಗುವಷ್ಟಿದ್ದವು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಮೇಸ್ತ್ರಿ, ನಿಂತವರು ಹೋಗಬಹುದು ಅಲ್ವಾ?"

"ನಿಂತವರಿಗೇ ಅಲ್ವೇನಪ್ಪ ಕಟ್ಟಿದ್ದು."

"ಅವಳು ಮಲಗ್ತಿದ್ದ ಹಲಗೆ ತಗೊಂಡು ಬಾ," ಎಂದ ತಂಗಿಗೆ.

ಹಲಗೆ ಕಿರಿದಾಗಿತ್ತು, ತಾಯಿಯೂ ಕಿರಿದಾಗಿದ್ದಳು. ಹೊದಿಕೆ ಹರಿದು ಎದೆಗೆ, ಸೊಂಟಕ್ಕೆ, ಮೊಣಕಾಲಿಗೆ ಕಟ್ಟಿದರು. ಹಣೆಗೊಂದು ಪಟ್ಟಿ. ಕಾಗದ ಎಲ್ಲೋ ಕಾಲಡಿಗೆ ಸಿಕ್ಕಿತು. ನಾಲ್ಕು ಕೈಗಳು ಹಲಗೆಯನ್ನು ಎತ್ತಿ ನಿಲ್ಲಿಸಿದಾಗ ಅವಳು ನಿಂತಳು. ಖಾಲಿ ಚಟ್ಟವನ್ನು ಇಬ್ಬರು ಮಗ್ಗುಲಿಗೆ ನಿಲ್ಲಿಸಿ, ಕಟ್ಟು ಬಿಚ್ಚಿ, ಬಿದಿರು ಬಿದಿರಾಗಿ ಹೊರಗೆ ಸಾಗಿಸಿದರು.

ಮಗ ಹಿಮ್ಮುಖವಾಗಿ ಸಂದಿಗೆ ಇಳಿದ. ತಾಯಿಯ ಸೊಂಟ ಬಳಸಿ ಹಿಡಿದ. ಹಿಂದಿನಿಂದ ತಂಗಿ ಹಲಗೆ ಹಿಡಿದಳು. ಅವನ ಕೆನ್ನೆಗೆ ತಾಯಿಯ ತಣ್ಣನೆಯ ಕೆನ್ನೆ ತಾಗುತ್ತಿತ್ತು. ಅವನು ಅಗಲ ಭುಜದವನು. ಎರಡೂ ಕಡೆ ಅಂಗಿ ಗೋಡೆಗೆ ಉಜ್ಜಿ ಸದ್ದು ಮಾಡಿತು.

"ನಿಧಾನ," ಎಂದ, ಮೊದಲೇ ದಾಟಿ ಆಚೆ ನಿಂತಿದ್ದ ಮೇಸ್ತ್ರಿ. "ತಿರುವು ಬಂತು. ಎಡಗಾಲು ಹಿಂದೆ ಇಡು. ಅವಳನ್ನ ತಿರುಗಿಸ್ಕೋ. ಹಾಂ. ಅವಳಿಗೆ ಗೊತ್ತು ದಾರಿ, ನೀನು ಅಡ್ಡ ಬರಬೇಡ."

ತಿರುವಿನಲ್ಲಿ ಮಗ ನಿಂತುಬಿಟ್ಟ. ಹಿಂದೆ ಹೋಗಲೂ ಇಲ್ಲ, ಮುಂದೆ ಬರಲೂ ಇಲ್ಲ.

"ಏನಾಯ್ತಣ್ಣ?" ಎಂದಳು ತಂಗಿ.

"ಏನಿಲ್ಲ. ಸ್ವಲ್ಪ ಇರು."

ಆಮೇಲೆ ಹೆಜ್ಜೆ ಕಿತ್ತಿಟ್ಟ. ರಸ್ತೆಯ ಬೆಳಕು ತಾಯಿಯ ಹಣೆಯ ಮೇಲೆ ಬಿತ್ತು.

ಗುಂಡಿ ತೋಡಿದ ಜಾಗ ದೂರವಿರಲಿಲ್ಲ. ಆದರೂ ಜನ ಒಬ್ಬೊಬ್ಬರಾಗಿ ಸಂದು ದಾಟಿ ಬರಬೇಕಾಗಿದ್ದರಿಂದ ಕಾಯಬೇಕಾಯಿತು. ಎದುರುಮನೆಯಾಕೆ ಸತ್ತವಳ ಭುಜದ ಸುಣ್ಣ ಒರೆಸಲು ಕೈ ಚಾಚಿದಳು. ಮಗಳು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಗುಂಡಿಯ ಸುತ್ತ ನಿಂತವರೆಲ್ಲರ ಒಂದೊಂದು ಭುಜ ಬೆಳ್ಳಗಿತ್ತು. ಮಗನಿಗೆ ಎರಡೂ.

ಮೊದಲ ಹಿಡಿ ಮಣ್ಣು ಬೀಳುವ ಹೊತ್ತಿಗೆ ಕಾವಲುಗಾರ ಬಂದು ಎಲ್ಲರ ಹಿಂದೆ ನಿಂತ. ದೊಡ್ಡ ಗೇಟಿನ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಖಾಕಿ ಅಂಗಿಯ ಎಡಭುಜದ ಮೇಲೆ, ಹಸಿಯಾಗಿ, ಅಂಗೈಯಗಲದ ಸುಣ್ಣ.